ಸವೆದ ಬೆರಳಿನ ಸಾಕ್ಷಿ

ಕಳೆದ ತಿಂಗಳು ಇಲ್ಲಿಯ ಪಡಿತರ ಅಂಗಡಿಯೊಂದರ ಸಾಲಿನಲ್ಲಿ ಕನ್ನಡ ಕಿವಿಗೆ ಬಿತ್ತು. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು ನಲವತ್ತು ವರ್ಷ ಇಟ್ಟಿಗೆ ಹೊತ್ತ ಅಜ್ಜಿಯೊಬ್ಬರು ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಯಂತ್ರದ ಮೇಲೆ ಒತ್ತುತ್ತಿದ್ದರು. ಯಂತ್ರ ಒಪ್ಪಲಿಲ್ಲ. ನಾನು ಕನ್ನಡದಲ್ಲಿ ವಿಚಾರಿಸಿದಾಗ ಅವರೆಂದರು: "ನಾ ನಾನ ಅದೀನ್ರಿ ಸಾಹೇಬ್ರ, ನೀವರೆ ಹೇಳ್ರಿ."

ದುಡಿದು ಬೆರಳಿನ ಗೆರೆಗಳನ್ನು ಸವೆಸಿಕೊಂಡವರೇ ತಾವು ತಾವೆಂದು ರುಜುವಾತು ಮಾಡಲಾರದ ಈ ವಿಪರ್ಯಾಸ ನನ್ನನ್ನು ಕಾಡುತ್ತಿದೆ.

ಆಧಾರ್‌ನ ಮೊದಲ ಸಂಖ್ಯೆ ವಿತರಣೆಯಾದದ್ದು 2010ರ ಸೆಪ್ಟೆಂಬರ್ 29ರಂದು, ಇದೇ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭ್ಲಿಯಲ್ಲಿ. ಆ ಯೋಜನೆಯ ಸಾರಥ್ಯ ವಹಿಸಿದವರು ಬೆಂಗಳೂರಿನ ನಂದನ್ ನಿಲೇಕಣಿ. 2012ರಲ್ಲಿ ಅದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಕಟ್ಟಿದವರೂ ನಮ್ಮವರೇ, ಕೇಳಿದವರೂ ನಮ್ಮವರೇ. ನಾಡಿಗೆ ಇಬ್ಬರೂ ಬೇಕು.

ನಾನು ಯಂತ್ರದ್ವೇಷಿಯಲ್ಲ. 2019ರಲ್ಲಿ ಆರಂಭವಾದ 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಿಂದಾಗಿ ಊರಿನ ಚೀಟಿಗೆ ಪರರಾಜ್ಯದಲ್ಲೂ ಧಾನ್ಯ ದೊರೆಯುತ್ತಿದೆ. 2014ರಿಂದ ಪಿಂಚಣಿದಾರರು ಬದುಕಿರುವ ಪ್ರಮಾಣಪತ್ರವನ್ನು ಮನೆಯಿಂದಲೇ ಸಲ್ಲಿಸಬಹುದಾಗಿದೆ. ಹೊರನಾಡಿಗರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಕೇಂದ್ರ ಸರಕಾರದ ಅಧಿಕಾರಿಯಾಗಿ ಒಂದು ತಪ್ಪೊಪ್ಪಿಗೆಯಿದೆ. ಹಿಂದೆ ಕಡತದಲ್ಲಿ 'ತಿರಸ್ಕರಿಸಲಾಗಿದೆ' ಎಂದು ಬರೆದರೆ ಕೆಳಗೆ ನನ್ನ ರುಜು ಇರುತ್ತಿತ್ತು. ನೊಂದವರು ಮೇಲ್ಮನವಿ ಸಲ್ಲಿಸಬಹುದಿತ್ತು. ಈಗ 'ಗಣಕಯಂತ್ರ ಒಪ್ಪುತ್ತಿಲ್ಲ' ಎಂದು ಕೈತೊಳೆದುಕೊಳ್ಳುವುದನ್ನು ನಾನೂ ಕಲಿತಿದ್ದೇನೆ. ಯಂತ್ರದ ನಿರಾಕರಣೆಗೆ ರುಜುವಿಲ್ಲ, ಹೊಣೆಗಾರನೂ ಇಲ್ಲ. ನಾಳೆ ಕೃತಕ ಬುದ್ಧಿಮತ್ತೆಯೇ ಅರ್ಜಿಗಳನ್ನು ಜರಡಿ ಹಿಡಿಯತೊಡಗಿದರೆ ಈ ಹೊಣೆಗೇಡಿತನ ಇನ್ನಷ್ಟು ಬೆಳೆದೀತು.

ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದೆಂಬುದನ್ನು 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪು ಗಮನಿಸಿದೆ. ಅಂದು ಅದನ್ನೇ ಅಂಗಡಿಯವರಿಗೆ ವಿವರಿಸಿ ಅಜ್ಜಿಗೆ ಧಾನ್ಯ ಕೊಡಿಸಿದೆ. ಮುಂದಿನ ತಿಂಗಳು ಅವರ ಜೊತೆಗೆ ಯಾರು ನಿಲ್ಲುತ್ತಾರೆ?

ಬಂಧುಗಳೇ, ನಮ್ಮ ಸಂಘಗಳು ರಾಜ್ಯೋತ್ಸವ, ಯಕ್ಷಗಾನಗಳನ್ನು ಅಚ್ಚುಕಟ್ಟಾಗಿ ನಡೆಸುತ್ತವೆ. ಅದರ ಜೊತೆಗೆ, ಮರಾಠಿ ಬಲ್ಲ, ನಿಯಮ ಬಲ್ಲ ಒಬ್ಬಿಬ್ಬರು ತಿಂಗಳಿಗೊಂದು ದಿನ ಇಂಥವರೊಡನೆ ಸಾಲಿನಲ್ಲಿ ನಿಲ್ಲಲಿ. 'ಇಲ್ಲ' ಎಂದವರಿಂದ ಕಾರಣವನ್ನು ಬರಹದಲ್ಲಿ, ಹೆಸರು ಸಹಿತ ಕೇಳಲಿ. ನಿವೃತ್ತಿಯವರೆಗೆ ಕಾಯದೆ, ಮೊದಲ ಹೆಸರಾಗಿ ನನ್ನದನ್ನು ಬರೆದುಕೊಳ್ಳಿ.