ಡಿಕ್ರಿ ಕೊಳ್ಳುವ ಕಂಪೆನಿಗೆ ಬೇರೆ ಕಾನೂನಿಲ್ಲ

ನ್ಯಾಯಾಲಯದಲ್ಲಿ ಗೆದ್ದರೂ ಹಣ ಕೈಸೇರದೆ ಒದ್ದಾಡುವವರು ಮುಂಬಯಿ ಕನ್ನಡಿಗರಲ್ಲೂ ಇದ್ದಾರೆ. ಹೋಟೆಲಿಗೆ ದಿನಸಿ ಪೂರೈಸಿದವರು, ಕ್ಯಾಟರಿಂಗ್ ಬಿಲ್ಲು ಬಾಕಿಯಾದವರು, ಊರಿನವನೆಂದು ನಂಬಿ ಕೈಸಾಲ ಕೊಟ್ಟವರು ವರ್ಷಗಟ್ಟಲೆ ಅಲೆದು ಡಿಕ್ರಿ ಪಡೆಯುತ್ತಾರೆ. ಆಮೇಲೆ ಆ ಕಾಗದ ಕಪಾಟಿನಲ್ಲೇ ಉಳಿಯುತ್ತದೆ. ಭಾರತದಲ್ಲಿ ದಾವೆದಾರನ ಕಷ್ಟ ಆರಂಭವಾಗುವುದೇ ಡಿಕ್ರಿ ಸಿಕ್ಕಿದ ಮೇಲೆ ಎಂಬರ್ಥದ ಮಾತನ್ನು ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. 2025ರಲ್ಲಿ ಸುಪ್ರೀಂ ಕೋರ್ಟು ಲೆಕ್ಕ ತರಿಸಿದಾಗ ದೇಶದಲ್ಲಿ 8.8 ಲಕ್ಷಕ್ಕೂ ಹೆಚ್ಚು ಜಾರಿ ಅರ್ಜಿಗಳು, ಇಲ್ಲಿಯವರ ಬಾಯಲ್ಲಿ 'ದರ್ಖಾಸ್ತು'ಗಳು, ಬಾಕಿ ಇದ್ದವು.

ಇಂಥ ಡಿಕ್ರಿಗಳನ್ನು ಅಗ್ಗಕ್ಕೆ ಕೊಂಡು ವಸೂಲಿ ಮಾಡುವುದು ಅಮೆರಿಕದಲ್ಲಿ ಒಂದು ಕಸುಬು. ಅದನ್ನು ಕಾರ್ಪೊರೇಷನ್ ಹೆಸರಿನಲ್ಲಿ ನಡೆಸುವವರೂ ಇದ್ದಾರೆ. ಇಲ್ಲಿಯೂ ಪ್ರೈವೇಟ್ ಲಿಮಿಟೆಡ್ ಕಂಪೆನಿ ಕಟ್ಟಿ ಅದನ್ನೇ ಮಾಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 16ನೇ ನಿಯಮದಂತೆ ಡಿಕ್ರಿಯನ್ನು ಲಿಖಿತವಾಗಿ ವರ್ಗಾಯಿಸಬಹುದು. ಕೊಂಡವರು ಜಾರಿಗೆ ಅರ್ಜಿ ಹಾಕಿದಾಗ ನ್ಯಾಯಾಲಯವು ಮಾರಿದವರಿಗೂ ಸಾಲಗಾರನಿಗೂ ನೋಟಿಸು ಕೊಟ್ಟು, ಆಕ್ಷೇಪ ಕೇಳಿಯೇ ಮುಂದುವರಿಯಬೇಕು.

ಆದರೆ ಕಂಪೆನಿಯಾದ ಮಾತ್ರಕ್ಕೆ ಹೊಸ ಬಲ ಬರುವುದಿಲ್ಲ. ಡಿಕ್ರಿದಾರ ತನ್ನ ವಾದವನ್ನು ತಾನೇ ಮಂಡಿಸಬಹುದು. ಕಂಪೆನಿಗೆ ಸಾಮಾನ್ಯವಾಗಿ ವಕೀಲರೇ ಬೇಕು. ಸಾಲಗಾರನ ಮನೆಯ ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಧರ್ಮದ ರೂಢಿಯಂತೆ ಹೆಂಗಸು ಕಳಚಲಾಗದ ಆಭರಣ ಇವನ್ನು ಜಪ್ತಿ ಮಾಡಕೂಡದೆಂದು 60ನೇ ಕಲಮು ಹೇಳುತ್ತದೆ. ಕರಿಮಣಿಗೆ ಕೈಹಾಕುವ ಹಕ್ಕು ಯಾವ ಕಂಪೆನಿಗೂ ಇಲ್ಲ.

'ಲಿಮಿಟೆಡ್' ಎಂಬ ಪದವನ್ನೂ ಹಲವರು ತಪ್ಪಾಗಿ ತಿಳಿದಿದ್ದಾರೆ. ಷೇರುದಾರನ ಹೊಣೆ ಅವನ ಷೇರಿನ ಹಣಕ್ಕೆ ಸೀಮಿತ, ಅಷ್ಟೇ. ಸಾಲಗಾರನ ಬಾಗಿಲಲ್ಲಿ ಬೆದರಿಕೆ ಹಾಕಿದವನೂ ಹಾಕಿಸಿದ ನಿರ್ದೇಶಕನೂ ಕ್ರಿಮಿನಲ್ ಕೇಸಿನಿಂದ ತಪ್ಪಿಸಿಕೊಳ್ಳಲಾರರು. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಸಾಲಗಾರನಿಗೆ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಬ್ಯಾಂಕುಗಳ ವಸೂಲಿ ಏಜೆಂಟರಿಗೆ ವಿಧಿಸಿತು. ಅದರ ನಿಯಂತ್ರಣಕ್ಕೆ ಬಾರದ ಕಂಪೆನಿಗೆ ಈ ಲಗಾಮೂ ಇಲ್ಲ. ಈ ವ್ಯವಹಾರದಲ್ಲಿ ಹೆದರಬೇಕಾದ ಜಾಗ ಇದೇ.

ಹಾಗಾಗಿ ಡಿಕ್ರಿಯನ್ನು ಕಾಲುಬೆಲೆಗೆ ಮಾರುವ ಮೊದಲು ಹಿರಿಯರು ಒಂದು ಕೆಲಸ ಮಾಡಲಿ. ಹಣದ ಡಿಕ್ರಿ 30 ದಿನ ತೀರದೆ ಉಳಿದರೆ, 21ನೇ ಆದೇಶದ 41ನೇ ನಿಯಮದಡಿ ಸಾಲಗಾರನಿಂದ ಆಸ್ತಿಯ ಅಫಿಡವಿಟ್ ಕೇಳಬಹುದು. ನ್ಯಾಯಾಲಯದ ಆದೇಶ ಮೀರಿದರೆ ಅವನಿಗೆ 3 ತಿಂಗಳವರೆಗೆ ಸಿವಿಲ್ ಜೈಲು ಆಗಬಹುದು. ಹಣದ ಡಿಕ್ರಿಯ ಜಾರಿಗೆ 12 ವರ್ಷಗಳ ಅವಧಿಯಿದೆ. ಕಪಾಟಿನಲ್ಲಿಟ್ಟ ಕಾಗದಕ್ಕೂ ಆ ದಿನಗಳು ಓಡುತ್ತಲೇ ಇರುತ್ತವೆ. ನಮ್ಮ ಸಂಘಗಳಲ್ಲಿ ವಕೀಲ ಸದಸ್ಯರಿಗೆ ಬರವಿಲ್ಲ. ವಾರ್ಷಿಕೋತ್ಸವದ ಸನ್ಮಾನ ಪಟ್ಟಿಯಲ್ಲಿ ಅವರ ಹೆಸರು ಸೇರಿಸುವುದರ ಜೊತೆಗೆ, ತಿಂಗಳಿಗೊಂದು ಭಾನುವಾರ ಸಂಘದ ಕಚೇರಿಯಲ್ಲಿ ಕೂತು ಇಂಥ ಕಾಗದಗಳನ್ನು ನೋಡಿಕೊಡುವಂತೆ ಪದಾಧಿಕಾರಿಗಳು ಅವರನ್ನು ಕೇಳಿಕೊಳ್ಳಬೇಕು.