ಮಿತ್ರರ ಸಂಸಾರವೂ ಮಗುವಿನ ಹಕ್ಕೂ

ರಕ್ತಸಂಬಂಧವಾಗಲಿ ವಿವಾಹಬಂಧನವಾಗಲಿ ಇಲ್ಲದೆ ಕೇವಲ ಸ್ನೇಹದ ಬಲದಿಂದ ಒಂದು ಸಂಸಾರ ನಿಲ್ಲಬಲ್ಲುದೆ ಎಂದು ಕೇಳುವವರಿಗೆ, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಚಾರ್ಲ್‌ಸ್ಟನ್ ಎಂಬ ಹಳ್ಳಿಮನೆಯ ವೃತ್ತಾಂತವು ಸಮಾಧಾನವನ್ನೂ ಎಚ್ಚರಿಕೆಯನ್ನೂ ಒಟ್ಟಿಗೇ ಹೇಳುತ್ತದೆ.

ವರ್ಜೀನಿಯಾ ವುಲ್ಫಳ ಅಕ್ಕನೂ ಚಿತ್ರಕಲಾವಿದೆಯೂ ಆಗಿದ್ದ ವೆನೆಸ್ಸಾ ಬೆಲ್ 1916ರಲ್ಲಿ ತನ್ನ ಇಬ್ಬರು ಗಂಡುಮಕ್ಕಳೊಡನೆ ಆ ಮನೆಗೆ ಬಂದು ನೆಲಸಿದಾಗ, ಜೊತೆಗಿದ್ದವನು ಪತಿ ಕ್ಲೈವ್ ಅಲ್ಲ. ಚಿತ್ರಕಾರ ಡಂಕನ್ ಗ್ರಾಂಟ್ ಮತ್ತು ಅವನ ಪ್ರಣಯಕ್ಕೆ ಪಾತ್ರನಾಗಿದ್ದ ಡೇವಿಡ್ ಗಾರ್ನೆಟ್. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದ ಈ ಇಬ್ಬರೂ ಸೈನ್ಯಸೇವೆಗೆ ಬದಲಾಗಿ ನೆರೆಯ ಹೊಲದಲ್ಲಿ ದುಡಿಯಬೇಕಾಗಿದ್ದಿತು. ವೆನೆಸ್ಸಾಳ ಪ್ರೇಮವೆಲ್ಲ ಡಂಕನ್ನನಲ್ಲಿ, ಡಂಕನ್ನನ ಒಲವು ಬಹುಮಟ್ಟಿಗೆ ಪುರುಷರಲ್ಲಿ. ಹೀಗೆ ಆಕೆಯ ಆಸೆ ಪೂರ್ಣವಾಗಿ ಈಡೇರದಿದ್ದರೂ, 1961ರಲ್ಲಿ ಆಕೆ ಅದೇ ಮನೆಯಲ್ಲಿ ಕಣ್ಣು ಮುಚ್ಚುವವರೆಗೆ ಅವರು ಒಬ್ಬರನ್ನೊಬ್ಬರು ಬಿಡಲಿಲ್ಲ. ಗೋಡೆ, ಬಾಗಿಲು, ಅಗ್ಗಿಷ್ಟಿಕೆಯ ಸುತ್ತಣ ಕಟ್ಟು, ಊಟದ ದುಂಡುಮೇಜು, ಎಲ್ಲಕ್ಕೂ ತಾವೇ ಬಣ್ಣ ಬಳಿದು ಚಿತ್ರ ಬರೆದರು. ಕಾಲಕ್ರಮದಲ್ಲಿ ಕ್ಲೈವನಿಗೂ ಅಲ್ಲೊಂದು ಕೋಣೆ ಏರ್ಪಟ್ಟಿತು. ಇದನ್ನು ಸಂಸಾರವಲ್ಲವೆನ್ನಲು ನನ್ನ ಮನಸ್ಸು ಒಡಂಬಡದು.

ಆದರೆ 1918ರ ಕ್ರಿಸ್‌ಮಸ್ ದಿನ ವೆನೆಸ್ಸಾಳಿಗೂ ಡಂಕನ್ನನಿಗೂ ಹುಟ್ಟಿದ ಆಂಜೆಲಿಕಾ ಬೆಳೆದದ್ದು ಕ್ಲೈವನ ಮಗಳೆಂಬ ಹೆಸರಿನಲ್ಲಿ. ಬಾಲ್ಯವೆಲ್ಲ ಕಳೆದು ಪ್ರಾಯಕ್ಕೆ ಬಂದ ಮೇಲೆಯೇ ತಾಯಿ ಆಕೆಗೆ ನಿಜವನ್ನು ತಿಳಿಸಿದಳು. 1942ರಲ್ಲಿ ಆಕೆ ವರಿಸಿದ್ದು, ತನಗಿಂತ 26 ವರ್ಷ ಹಿರಿಯನೂ ಒಂದು ಕಾಲಕ್ಕೆ ತನ್ನ ತಂದೆಯ ಪ್ರಣಯಿಯೂ ಆಗಿದ್ದ ಗಾರ್ನೆಟ್ಟನನ್ನು. 1984ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಆಕೆ, ಅಕ್ಕರೆಯ ಮರೆಯಲ್ಲಿ ನಡೆದ ಆ ವಂಚನೆಯ ನೋವನ್ನು ಬಿಚ್ಚಿ ಬರೆದಿದ್ದಾಳೆ.

ರೂಢಿ ಮೀರಿದ ಮನೆಯಲ್ಲಿ ಮಕ್ಕಳಿಗೆ ಕ್ಷೇಮವಿಲ್ಲವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಆ ಹುಡುಗಿಯನ್ನು ನೋಯಿಸಿದ್ದು ಹಿರಿಯರ ಸ್ನೇಹವಲ್ಲ, ಅವರ ಮೌನ. ಆ ಮೌನದಲ್ಲಿ ಸಮಾಜದ ಪಾಲೂ ಉಂಟು: ಪುರುಷರ ಪರಸ್ಪರ ಪ್ರೇಮವು ಇಂಗ್ಲೆಂಡಿನಲ್ಲಿ 1967ರವರೆಗೆ ದಂಡನಾರ್ಹ ಅಪರಾಧ, ವಿವಾಹದ ಹೊರಗೆ ಹುಟ್ಟಿದ ಕೂಸಿಗೆ ಲೋಕಾಪವಾದ. ಹಿರಿಯರನ್ನು ಬಚ್ಚಿಡುವಂತೆ ಮಾಡಿದ ಲೋಕವು, ಬಚ್ಚಿಟ್ಟದ್ದರ ಫಲವನ್ನು ಮಗುವಿಗೆ ಉಣಿಸಿತು.

ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಲಿಂಗಪ್ರೇಮವನ್ನು ಅಪರಾಧದ ಪಟ್ಟಿಯಿಂದ ಬಿಡಿಸಿತು; 2022ರಲ್ಲಿ ಹೆರಿಗೆರಜೆಯ ಮೊಕದ್ದಮೆಯೊಂದನ್ನು ವಿಚಾರಿಸುತ್ತ, ವಾಡಿಕೆಯ ಮಾದರಿಗೆ ಹೊಂದದ ಕುಟುಂಬಗಳೂ ಕಾನೂನಿನ ರಕ್ಷಣೆಗೆ ಅರ್ಹವೆಂದು ಹೇಳಿತು. ಆದರೂ ಉಯಿಲು ಬರೆಯದೆ ತೀರಿಕೊಂಡವನ ಆಸ್ತಿಯಲ್ಲಿ, ಬಾಳೆಲ್ಲ ಜೊತೆಗಿದ್ದ ಗೆಳೆಯನಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಇಂದಿಗೂ ಪಾಲು ಕೊಡದು. ಇಂಥ ಮನೆಗಳಿಗೆ ಶಾಸನದ ಮನ್ನಣೆ ದೊರೆಯತಕ್ಕದ್ದು. ದೊರೆಯುವವರೆಗೂ, ದೊರೆತ ಮೇಲೂ, ತಾನು ಯಾರ ಮಗುವೆಂಬುದನ್ನು ತಿಳಿವು ಬಂದೊಡನೆ ಮಗುವಿಗೆ ಹೇಳುವ ಹೊಣೆ ಆ ಮನೆಯ ಹಿರಿಯರದು, ಆ ಮಾತನ್ನು ಮಗು ಶಾಲೆಯಲ್ಲಿಯೂ ಬೀದಿಯಲ್ಲಿಯೂ ತಲೆತಗ್ಗಿಸದೆ ಆಡಬಲ್ಲಂತೆ ನಡೆದುಕೊಳ್ಳುವ ಹೊಣೆ ನಮ್ಮೆಲ್ಲರದು.