ಬೇಕಲದ ಹಾಡು, ಮಧುಗಿರಿಯ ಸೆರೆ

ಓದುಗ ಮಿತ್ರರೇ, ಈ ವಾರ ಹೊಸ ಚಿತ್ರದ ಮುಹೂರ್ತದ ಸುದ್ದಿಯಿಲ್ಲ, ತಾರೆಯರ ಗುಸುಗುಸುವೂ ಇಲ್ಲ. ಎರಡು ದಿನ ರಜಾ ಹಾಕಿ ಕಡಲು ನೋಡಿಕೊಂಡು ಬಂದೆ. ಖುಷಿಯಾಗಿ ಹೋದವನು ತಲೆ ತಗ್ಗಿಸಿಕೊಂಡು ವಾಪಸ್ಸಾದೆ. ಯಾಕೆ ಅಂತೀರಾ? ಕೇಳಿ.

ನಾವು ನಾಲ್ವರು. ನಾನು ಮಧುಗಿರಿ, ಮಿಕ್ಕ ಮೂವರು ಸಿರಾ, ಕೊರಟಗೆರೆ, ಪಾವಗಡದವರು. ನಮ್ಮ ಸೀಮೆಯಲ್ಲಿ ನೀರು ಅಂದರೆ ಎಂದೋ ಕೆರೆ ಕೋಡಿ ಬಿದ್ದ ವರ್ಷದ ನೆನಪು. ಅಂಥವರಿಗೆ ಕಡಲಿನ ಹುಚ್ಚು ಹಿಡಿಸಿದ್ದು ಒಂದು ಹಾಡು. ೧೯೯೫ರ ‘ಬಾಂಬೆ’ ಜ್ಞಾಪಕ ಇದೆಯಲ್ಲ? ಮಣಿರತ್ನಂ ನಿರ್ದೇಶನ, ರಾಜೀವ್ ಮೆನನ್ ಛಾಯಾಗ್ರಹಣ, ರೆಹಮಾನ್ ಸಂಗೀತ. ಮಳೆಯಲ್ಲಿ ತೊಯ್ದ ಕೋಟೆ, ಕೆಳಗೆ ಮೊರೆಯುವ ಅಲೆ. ಅರವಿಂದ ಸ್ವಾಮಿ ಕಾಯುತ್ತಾನೆ, ಮನೀಷಾ ಕೊಯಿರಾಲ ಓಡಿ ಬರುತ್ತಾಳೆ... ಅಬ್ಬಾ, ಆ ಹರಿಹರನ್ ಕಂಠ! ತಮಿಳಿನಲ್ಲಿ ತೆಗೆದ ಚಿತ್ರ ತೆಲುಗು, ಹಿಂದಿಗೂ ಬಂತು. ಪಾವಗಡದವನು ಯಾವ ಭಾಷೆಯಲ್ಲಿ ನೋಡಿದ ಅಂತ ಬೇರೆ ಹೇಳಬೇಕೆ? ಅಂದ ಹಾಗೆ, ಈ ಮಣಿರತ್ನಂ ನಿರ್ದೇಶಿಸಿದ ಮೊಟ್ಟಮೊದಲ ಚಿತ್ರ ನಮ್ಮ ಕನ್ನಡದ ‘ಪಲ್ಲವಿ ಅನುಪಲ್ಲವಿ’ (೧೯೮೩). ಮರೀಬೇಡಿ!

ಹಾಡಿನ ಆ ಕೋಟೆಯೇ ಕಾಸರಗೋಡು ಜಿಲ್ಲೆಯ ಬೇಕಲ. ತುಮಕೂರಿನಲ್ಲಿ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ಸುಮಾರು ೫೦ ಕಿಲೋಮೀಟರ್ ದೂರದ ಕಾಸರಗೋಡಿಗೆ ಹೋದೆವು. ಚಂದ್ರಗಿರಿ ಹೊಳೆ ದಾಟಿ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಬೇಕಲ. ೧೯೫೬ರಲ್ಲಿ ರಾಜ್ಯಗಳ ಗಡಿ ಗೀಚಿದಾಗ ಕೇರಳಕ್ಕೆ ಸೇರಿದ ನೆಲ.

ಕೋಟೆ ಅಂದರೆ ಕೋಟೆ! ಸುಮಾರು ೪೦ ಎಕರೆ. ಗೋಡೆ ಕಟ್ಟಿರುವುದು ಕೆಂಪು ಮುರಕಲ್ಲಿನಲ್ಲಿ. ದೂರದ ಶತ್ರುವಿಗೆ ಒಂದು, ಹತ್ತಿರದವನಿಗೆ ಇನ್ನೊಂದು ಎಂದು ಗುರಿಯಿಡುವ ಕಂಡಿಗಳು. ಕಡಲಿನತ್ತ ಚಾಚಿದ ಕೊತ್ತಲದ ಮೇಲೆ ನಿಂತು ನಾಲ್ವರೂ ಕೈ ಚಾಚಿ ಅರವಿಂದ ಸ್ವಾಮಿ ಆದೆವು. ಫೋಟೋ ಆಯಿತು. ಆಮೇಲೆ ನಾನು ಜೇಬಿನಿಂದ ಬೀಗದ ಕೈ ತೆಗೆದು ಗೋಡೆಯ ಮೇಲೆ ಹೆಸರು ಕೆತ್ತಲು ಶುರು ಮಾಡಿದೆ. ಯಾರ ಹೆಸರು ಅಂತ ಕೇಳಬೇಡಿ.

“ಮಾರಾಯ್ರೇ, ಅದು ಶಿವಪ್ಪ ನಾಯಕನ ಗೋಡೆ. ನೀವು ಕಾಗದ ಬರೆಯಲಿಕ್ಕೆ ಇಟ್ಟದ್ದಲ್ಲ!”

ತಿರುಗಿ ನೋಡಿದರೆ ಕೊಡೆ ಹಿಡಿದ ಹಿರಿಯರೊಬ್ಬರು. ಅಚ್ಚ ಕನ್ನಡ. ಊರು ಎಲ್ಲಾಯ್ತು ಅಂದರು. ಮಧುಗಿರಿ ಅಂದೆ. ಅವರು ನನ್ನನ್ನೇ ನೋಡಿದರು.

“ಓ! ವೀರಮ್ಮಾಜಿಯನ್ನು ಸೆರೆ ಇಟ್ಟ ಊರಲ್ವಾ?”

“ಯಾವ ವೀರಮ್ಮಾಜಿ?” ಹಾಗೆ ಕೇಳಿದವನು ಮಧುಗಿರಿಯಲ್ಲಿ ಹುಟ್ಟಿ ಬೆಳೆದ ನಾನೇ!

ಅವರು ಹೇಳಿದ ಕಥೆ ಇಷ್ಟು. ಬೇಕಲ ಕೋಟೆ ೧೬೫೦ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಆ ಮನೆತನದ ಕೊನೆಯ ರಾಣಿ ವೀರಮ್ಮಾಜಿ. ೧೭೬೧ರಲ್ಲಿ ಸಿರಾದ ನವಾಬನೆಂಬ ಪಟ್ಟ ಪಡೆದ ಹೈದರ್ ಅಲಿ, ೧೭೬೩ರಲ್ಲಿ ಆಕೆಯ ರಾಜಧಾನಿ ಬಿದನೂರನ್ನು ಗೆದ್ದ. ರಾಣಿಯನ್ನೂ ದತ್ತುಮಗನನ್ನೂ ಹಿಡಿದು ಸೆರೆಗೆ ಹಾಕಿದ್ದು ನಮ್ಮ ಮಧುಗಿರಿ ಬೆಟ್ಟದಲ್ಲಿ. ೧೭೬೭ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಗೆದ್ದು ಬಿಡಿಸಿದ. ಪುಣೆಗೆ ಹೋಗುವ ದಾರಿಯಲ್ಲೇ ಆಕೆ ತೀರಿಕೊಂಡಳು.

“ನಮ್ಮೂರ ಹೆಸರು ಹೇಳಿಕೊಂಡೇ ನವಾಬನಾದ್ನಾ?” ಅಂತ ಸಿರಾದವನು ಬಾಯಿ ಬಿಟ್ಟ. ನನಗೆ ಮಾತೇ ಹೊರಡಲಿಲ್ಲ. ಬೀಗದ ಕೈ ಮೆತ್ತಗೆ ಜೇಬಿಗೆ ಸೇರಿತು.

ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಲಿಲ್ಲ. ಕಡಲ ಸೀಮೆ ಆಳಿದವಳು, ಕಡಲ ಮಟ್ಟದಿಂದ ೩,೯೦೦ ಅಡಿಗೂ ಎತ್ತರದ ಬಂಡೆಯ ಮೇಲೆ ಕೂತು ವರ್ಷಗಟ್ಟಲೆ ಏನು ನೋಡಿದಳೋ! ನಮ್ಮ ಬಯಲು, ನಮ್ಮ ಒಣಗಿದ ಕೆರೆಗಳು. ಅದೇ ಬಂಡೆಯನ್ನು ನಾನು ಬಸ್‌ಸ್ಟ್ಯಾಂಡಿನಿಂದ ದಿನಾ ನೋಡುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಕಂಬಿ ಹಿಡಿದು ಹತ್ತಿ, ಮೇಲಿನ ಗೋಡೆಗೂ ಹೆಸರು ಕೆತ್ತಿ ಬಂದಿದ್ದೇನೆ. ಹಾಡೊಂದಿದ್ದರೆ ನೂರಾರು ಮೈಲಿ ಓಡುತ್ತೇವೆ. ಹಾಡಿಲ್ಲದ ಕೋಟೆ ಮನೆ ಹಿಂದೆ ಇದ್ದರೂ ಬರೀ ಕಲ್ಲು!

ಬೇಕಲಕ್ಕೆ ಹೋಗಿ ಬನ್ನಿ ಗೆಳೆಯರೇ, ಖಂಡಿತ ಹೋಗಿ. ಈಜು ಬಾರದ ನಮ್ಮಂಥವರು ಅಲೆಗೆ ಮೈ ಕೊಡಬೇಡಿ. ಬಂದ ಮೇಲೆ ಒಂದು ಭಾನುವಾರ ಮಧುಗಿರಿ ಬೆಟ್ಟ ಹತ್ತಿ. ಕೈಯಲ್ಲಿ ಬೀಗದ ಕೈ ಬೇಡ.

ಇನ್ನು ಗಾಂಧಿನಗರದ ನಿರ್ಮಾಪಕರಿಗೆ ಒಂದು ಮಾತು. ಕಡಲು, ಕೋಟೆ, ರಾಣಿ, ಸೆರೆ, ಬಿಡುಗಡೆ, ದಾರಿಯಲ್ಲೇ ಸಾವು... ಕಥೆ ಸಿಗೋದಿಲ್ಲ ಅಂತ ಇನ್ನು ಯಾರೂ ಹೇಳಕೂಡದು! ಮೊದಲ ದಿನ ಮೊದಲ ಆಟಕ್ಕೆ ನಮ್ಮ ನಾಲ್ಕು ಟಿಕೇಟು ಈಗಲೇ ಗ್ಯಾರಂಟಿ.

ಬರಲೇ? ಮುಂದಿನ ವಾರ ಸಿಗೋಣ.